ಆಟದ ದೇಶದಲ್ಲಿ ಎರಡು ಜನಾಂಗ ಇದ್ದರೆ ಮೊದಲು ಏನು ಬರೆಯಬೇಕು?

ನಿಮ್ಮ ರೋಲ್‌ಪ್ಲೇಯಿಂಗ್ ಆಟಕ್ಕೆ, ಅಂದರೆ ಆಟಗಾರರು ಒಂದೊಂದು ಪಾತ್ರವಾಗಿ ಕಥೆ ಆಡುವ ಆಟಕ್ಕೆ, ಒಂದು ದೇಶ ಕಟ್ಟುತ್ತಿದ್ದೀರಿ. ಮೂಲದ ಜನ ಒಬ್ಬರು, ಹೊರಗಿಂದ ಬಂದು ಆಳುವವರು ಇನ್ನೊಬ್ಬರು. ಒಂದು ಕಡೆಯವರು ಒಳ್ಳೆಯವರು, ಇನ್ನೊಂದು ಕಡೆಯವರು ಕೆಟ್ಟವರು ಅಂತ ಆಗಿಬಿಡಬಾರದು, ಏನು ಮಾಡಲಿ ಅಂತ ಕೇಳಿದ್ದೀರಿ.

ಜನರ ಸ್ವಭಾವ ಆಮೇಲೆ ಬರೆಯಿರಿ. ಮೊದಲು ಜಮೀನು ಯಾರ ಕೈಯಲ್ಲಿದೆ, ಅದು ಅವರಿಗೆ ಹೇಗೆ ಬಂತು ಅನ್ನೋದನ್ನು ಬರೆಯಿರಿ.

ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋದು ಇಂಥದ್ದೇ ಒಂದು ಆಟ. ಅದರ ಮಿಸ್ಟಾರಾ ಅನ್ನೋ ಕಾಲ್ಪನಿಕ ಜಗತ್ತಿನಲ್ಲಿ ಕರಮೈಕೋಸ್ ಅನ್ನೋ ನಾಡಿದೆ. 1987ರಲ್ಲಿ ಅದಕ್ಕೇ ಅಂತ ಒಂದು ಪುಸ್ತಕ ಬಂತು. ಅಲ್ಲಿನ ಮೂಲದವರು ಟ್ರಲಡಾರನ್ನರು, ಆಳುವವರು ಥಯಾಟಿಯನ್ನರು. ಅಲ್ಲಿನ ದೊರೆ ಡ್ಯೂಕ್ ಸ್ಟೆಫಾನ್ ತನ್ನ ಪಿತ್ರಾರ್ಜಿತ ಜಮೀನನ್ನು ಥಯಾಟಿಯನ್ನರ ಚಕ್ರವರ್ತಿಗೆ ಬಿಟ್ಟುಕೊಟ್ಟು, ಬದಲಿಗೆ ಈ ನಾಡನ್ನು ಪಡೆದವನು. ಆಮೇಲೆ ಟ್ರಲಡಾರನ್ನರ ಹೊಲಗಳನ್ನು ಕಿತ್ತು ತನ್ನ ಜೊತೆ ಬಂದವರಿಗೆ ಹಂಚಿದ. ದಂಗೆ ಎದ್ದಿತು, ಅಡಗಿಸಿದ. ಹಾಗಂತ ಅವನೇನು ದುಷ್ಟನಲ್ಲ, ನ್ಯಾಯವಾಗಿ ಆಳಬೇಕು ಅನ್ನೋ ಮನುಷ್ಯನೇ. ನನಗೆ ಈ ನಾಡು ಇಷ್ಟವಾಗೋದು ಇದಕ್ಕೇ. ದೊರೆ ಒಳ್ಳೆಯವನು, ಆದರೂ ಅವನ ಆಳ್ವಿಕೆ ನಿಂತಿರೋದು ಕಿತ್ತುಕೊಂಡ ನೆಲದ ಮೇಲೆ.

ಇದನ್ನು ಆಟಕ್ಕೆ ಹೀಗೆ ತರಬಹುದು. ಒಬ್ಬ ಮುದುಕ ಬಂದು, ಕಾಡಿನ ಪಾಳು ಮನೆಯಿಂದ ತನ್ನ ಹಳೇ ಜಮೀನಿನ ಪತ್ರ ತಂದುಕೊಡಿ ಅಂತ ಕೇಳುತ್ತಾನೆ. ಪಾತ್ರಗಳು ತರುತ್ತವೆ. ಆದರೆ ಆ ಹೊಲ ಈಗ ಉಳುತ್ತಿರೋದು ಬಂದು ನೆಲೆಸಿದವರ ಮಗಳು. ಅವಳು ಅಲ್ಲೇ ಹುಟ್ಟಿದವಳು, ಯಾರಿಂದಲೂ ಏನೂ ಕಿತ್ತುಕೊಂಡಿಲ್ಲ. ಇನ್ನು ತೀರ್ಪು ಕೊಡಬೇಕಾದ ಬ್ಯಾರನ್‌ಗೆ, ಅಂದರೆ ಆ ಸೀಮೆಯ ಒಡೆಯನಿಗೆ, ಜಮೀನು ಸಿಕ್ಕಿದ್ದೂ ಅದೇ ರೀತಿ. ಈಗ ಪತ್ರ ಯಾರ ಕೈಗೆ ಕೊಡಬೇಕು? ಆಟಗಾರರೇ ವಾದ ಮಾಡಲಿ, ನೀವು ನಡುವೆ ಬಾಯಿ ಹಾಕಬೇಡಿ.

ಆಡಳಿತ ಎಲ್ಲಿ ಎಡವುತ್ತೆ ಅನ್ನೋದಕ್ಕೂ ಕರಮೈಕೋಸ್‌ನಲ್ಲೇ ಒಳ್ಳೆಯ ಉದಾಹರಣೆ ಇದೆ. ಬ್ಲ್ಯಾಕ್ ಈಗಲ್ ಸೀಮೆಯ ಬ್ಯಾರನ್ ಲುಡ್ವಿಗ್ ಜನರನ್ನು ಹಿಂಡುತ್ತಾನೆ. ಆದರೆ ಅವನು ಡ್ಯೂಕನ ದಾಯಾದಿ, ಹಾಗಾಗಿ ದೂರು ಬಂದರೂ ಡ್ಯೂಕ್ ನಂಬೋದಿಲ್ಲ. ಯಾರ ಮಾತು ದೊರೆಯ ಕಿವಿಗೆ ಮುಟ್ಟುತ್ತೆ, ಯಾರದ್ದು ಮುಟ್ಟಲ್ಲ ಅನ್ನೋದೇ ಅಲ್ಲಿನ ರಾಜಕೀಯ.

ಒಂದು ವಿಷಯ ಮಾತ್ರ ನಾನು ಹಾಗೇ ತಗೊಳ್ಳಲ್ಲ. ಟ್ರಲಡಾರನ್ನರು ಶಕುನ ನಂಬುವವರು, ಥಯಾಟಿಯನ್ನರು ಜಂಭದವರು ಅನ್ನೋ ಚಿತ್ರಣ ಇದೆ. ಅದನ್ನು ನಿಜ ಅಂತ ಇಡಬೇಡಿ. ಒಬ್ಬರ ಬಗ್ಗೆ ಇನ್ನೊಬ್ಬರು ಆಡೋ ಮಾತಾಗಿ ಇಡಿ, ಜಾಸ್ತಿ ಕೆಲಸಕ್ಕೆ ಬರುತ್ತೆ.

ಜಮೀನು ಕಿತ್ತುಕೊಂಡು ಎಷ್ಟು ವರ್ಷ ಆಯ್ತು ಅನ್ನೋದನ್ನೂ ಈಗಲೇ ತೀರ್ಮಾನ ಮಾಡಿ. 300 ವರ್ಷ ಅಂದರೆ ಸುಮ್ನೆ ಹಳೇ ಕಥೆ ಆಗುತ್ತೆ. ಕರಮೈಕೋಸ್‌ನಲ್ಲಿ ಸ್ಟೆಫಾನ್ ಬಂದು 30 ವರ್ಷ ಅಷ್ಟೇ. ಹೊಲ ಕಳೆದುಕೊಂಡವರೂ ಬದುಕಿದ್ದಾರೆ, ಪಡೆದವರೂ ಬದುಕಿದ್ದಾರೆ, ಇಬ್ಬರ ಮಕ್ಕಳೂ ಒಬ್ಬರನ್ನೊಬ್ಬರು ಮದುವೆ ಆಗುತ್ತಿದ್ದಾರೆ.