ನಮ್ಮ ಕಲಬುರಗಿ ಸಂಸದರು ದಿಲ್ಲಿಯಲ್ಲಿ ಏನು ಮಾತಾಡಿದ್ದಾರೆ ಅಂತ ನೋಡೋದು ಹೇಗೆ? ಪ್ರಶ್ನೆಗಳ ಲೆಕ್ಕ ನಂಬಬಹುದಾ?

ನೋಡೋದು ಸುಲಭ. ಸಂಸತ್ತಿನ ವೆಬ್‌ಸೈಟಿನಲ್ಲಿ ಸದಸ್ಯರ ಹೆಸರು ಹಾಕಿದರೆ ಅವರ ಪ್ರಶ್ನೆ, ಚರ್ಚೆ ಎರಡೂ ಸಿಗುತ್ತವೆ. ಆದರೆ ಸುಮ್ನೆ ಸಂಖ್ಯೆ ನೋಡಿ ತೀರ್ಮಾನಕ್ಕೆ ಬರಬೇಡಿ.

ಹಿಂದೆ ಕಲಬುರಗಿ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆ ಅವರನ್ನೇ ತಗೊಳ್ಳಿ. 2009ರಿಂದ 2014ರವರೆಗೆ ಅವರ ಹೆಸರಲ್ಲಿ ಪ್ರಶ್ನೆ ಹುಡುಕಿದರೆ ಸಿಗಲ್ಲ. ಕಾರಣ ಇಷ್ಟೇ: ಆಗ ಅವರು ಕೇಂದ್ರ ಸಚಿವರು. ಸಚಿವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ನಮ್ಮ ಭಾಗಕ್ಕೆ 371ಜೆ, ಅಂದರೆ ವಿಶೇಷ ಸ್ಥಾನಮಾನದ ವಿಧಿ ತಂದ ಸಂವಿಧಾನ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾಗಿದ್ದು ಅದೇ ಅವಧಿಯಲ್ಲಿ, 2012ರ ಡಿಸೆಂಬರಿನಲ್ಲಿ. ಪ್ರಶ್ನೆಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಎಲ್ಲಿದೆ?

ಇನ್ನು ಪ್ರಶ್ನೆಯಲ್ಲೂ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಬೇರೆ. ಲೋಕಸಭೆಯಲ್ಲಿ ದಿನಕ್ಕೆ 20 ಮಾತ್ರ, ಅದೂ ಲಾಟರಿಯಲ್ಲಿ ಹೆಸರು ಬರಬೇಕು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಪಟ್ಟಿಗಳಲ್ಲಿ ಇವೇ ಜಾಸ್ತಿ.

ಊರಿನ ವಿಷಯ ಬೇಕಿದ್ದರೆ ನಾನಂತೂ ಮೊದಲು ಶೂನ್ಯವೇಳೆ (ಸದಸ್ಯರು ತುರ್ತು ವಿಷಯ ಎತ್ತುವ ಸಮಯ) ಮತ್ತು ನಿಯಮ 377 (ಲೋಕಸಭೆಯಲ್ಲಿ ಸಾರ್ವಜನಿಕ ವಿಷಯ ಚುಟುಕಾಗಿ ಮಂಡಿಸುವ ಅವಕಾಶ) ನೋಡುತ್ತೇನೆ. ತೊಗರಿ ಬೆಂಬಲ ಬೆಲೆ, ಕಲಬುರಗಿ ರೈಲ್ವೆ ವಿಭಾಗದಂಥವು ಬರಬೇಕಾದ ಜಾಗ ಅದು. ಮಾತಾಡಿದ್ದು ಒಂದೇ ನಿಮಿಷವಾದರೂ ದಾಖಲೆಯಲ್ಲಿ ಪೂರ್ತಿ ಓದಬಹುದು. "ಹೊಸ ರೈಲು ಬೇಕು" ಅಂದರಾ, ಇಲ್ಲ ಯಾವ ಊರಿಂದ ಯಾವ ಊರಿಗೆ ಅಂತ ಹೇಳಿದರಾ? ಅದನ್ನು ಓದಿದರೆ ತಯಾರಿ ಎಷ್ಟಿತ್ತು ಅಂತ ಗೊತ್ತಾಗಿಬಿಡುತ್ತೆ, ಅಲ್ವಾ?

ಅಂದಹಾಗೆ, ಸದನದಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅನುವಾದಕರು ಇರುತ್ತಾರೆ.