ಕೂಪನ್ ಹರಿದ ಜೀ-ನಟ್ ಕಾರ್ಡ್‌ಗೆ ಎಷ್ಟು ಕೂಗಬಹುದು?

ಕೂಪನ್ ಇಲ್ಲದ ಜೀ-ನಟ್ ಕಾರ್ಡ್‌ಗೂ ಹರಾಜಿನಲ್ಲಿ ಬೆಲೆ ಏರುತ್ತಿದೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೋದ ಮಿಠಾಯಿ ಜೊತೆ ಬರುತ್ತಿದ್ದ ಪೆಸಿಫಿಕ್ ಕೋಸ್ಟ್ ಲೀಗ್ (ಅಮೆರಿಕದ ಪಶ್ಚಿಮ ಕರಾವಳಿಯ ಬೇಸ್‌ಬಾಲ್ ಲೀಗ್) ಆಟಗಾರರ ಕಾರ್ಡ್ ಇದು. ಕೆಳತುದಿಯ ಕೂಪನ್ ಹರಿದು ಕೊಟ್ಟರೆ ಬಹುಮಾನ ಸಿಗುತ್ತಿತ್ತು. ಹಾಗಾಗಿ ಕೂಪನ್ ಸಮೇತ ಉಳಿದಿರುವುದೇ ಅಪರೂಪ, ಅದಕ್ಕೇ ದುಬಾರಿ.

ಕೂಪನ್ ಮೇಲಿನ ಅವಧಿ ಮುಗಿಯುವ ದಿನಾಂಕದಿಂದಲೇ ವರ್ಷ ಗುರುತಿಸುವುದು ಸುಲಭ. ಅದು ಹೋಗಿದ್ದರೆ ಫೋಟೊ, ಅಕ್ಷರದ ಅಚ್ಚು ಎರಡನ್ನೂ ಅದೇ ವರ್ಷದ ಇನ್ನೊಂದು ಕಾರ್ಡ್ ಪಕ್ಕಕ್ಕಿಟ್ಟು ನೋಡಿ. ಕೆಳ ಅಂಚು ಒರಟಾಗಿದ್ದರೆ ಚಿಂತೆಯಿಲ್ಲ. ಉಳಿದ ಮೂರು ಅಂಚು ಹೊಸದಾಗಿ ಕತ್ತರಿಸಿದಂತೆ ಹರಿತವಾಗಿದ್ದರೆ ಬಿಟ್ಟುಬಿಡಿ. 1933ರ ಜೋ ಡಿಮಾಜಿಯೊ ಕಾರ್ಡ್‌ನಲ್ಲಿ ಹೆಸರು ‘ಡೆಮಾಜಿಯೊ’ ಎಂದಿದ್ದರೆ ನಕಲಿ ಅಂದುಕೊಳ್ಳಬೇಡಿ, ಮೂಲ ಅಚ್ಚೇ ಹಾಗಿದೆ.

ಹರಾಜು ಸಂಸ್ಥೆಯ ಕಮಿಷನ್ ಮರೆಯಬೇಡಿ: ಶೇ. 20 ಇದ್ದರೆ 500 ಡಾಲರ್ ಕೂಗು 600 ಆಗುತ್ತದೆ.