ತೊಳೆದ ಟ್ಯಾಂಕು ಬೆಳಗಾಗುವಷ್ಟರಲ್ಲಿ ಕೆಂಪಾದರೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬೈಕಿನ ಪೆಟ್ರೋಲ್ ಟ್ಯಾಂಕಿನ ತುಕ್ಕಿನದೇ. ಹೋದ ಸಲವೂ ಇದೇ ಕತೆ. ಬೇರೆ ಬೇರೆ ಬೈಕು, ಅದೇ ತಪ್ಪು. ಟ್ಯಾಂಕು ಇಳಿಸುವುದು, ಪೆಟ್ರೋಲ್ ಬಸಿಯುವುದು, ಕಾಕ್ (ಟ್ಯಾಂಕಿನಡಿಯ ಪೆಟ್ರೋಲ್ ನಲ್ಲಿ) ಅಥವಾ ಪಂಪು, ಫ್ಲೋಟು ಕಳಚುವುದು ಗೊತ್ತಿಲ್ಲದವರು ಮೆಕ್ಯಾನಿಕ್ ಹತ್ತಿರ ಹೋಗಿ. ಅದನ್ನು ಇಲ್ಲಿ ಹೇಳಿಕೊಡುವುದಿಲ್ಲ.

ಪ್ರಶ್ನೆ: ಎರಡು ವರ್ಷ ನಿಂತಿದ್ದ ಬೈಕು. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಟ್ಯಾಂಕು ತೊಳೆದೆ. ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯಿತು. ನೀರು ಬಸಿದು ರಾತ್ರಿ ಬೋರಲು ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಮೊದಲಿಗಿಂತ ಕೆಂಪು. ಇನ್ನೊಂದು ಸಲ ಆಸಿಡ್ ಹಾಕಲೇ?

ಉತ್ತರ: ಹಾಕಬೇಡಿ. ಇನ್ನೊಂದು ಸಲ ಹಾಕಿದರೆ ಇನ್ನೊಂದು ಬೆಳಿಗ್ಗೆ ಇದನ್ನೇ ನೋಡುತ್ತೀರಿ, ತಗಡು ಮಾತ್ರ ಇನ್ನಷ್ಟು ತೆಳ್ಳಗಾಗಿರುತ್ತದೆ.

ನೀವು ಬೆಳ್ಳಿ ಅಂದುಕೊಂಡಿದ್ದು ಬರಿಮೈಯ ಉಕ್ಕು. ಅದರ ಮೇಲೆ ಎಣ್ಣೆಯಿಲ್ಲ, ಪೆಟ್ರೋಲಿಲ್ಲ, ಯಾವ ರಕ್ಷಣೆಯೂ ಇಲ್ಲ. ಒದ್ದೆಯಿದ್ದು ಗಾಳಿ ತಾಗಿದರೆ ಹತ್ತು ನಿಮಿಷದಲ್ಲೇ ಕಿತ್ತಳೆ ಬಣ್ಣ ಏರಲು ಶುರು. ಅದರಲ್ಲೂ ನೀವು ಬಳಸಿದ್ದು ಹೈಡ್ರೋಕ್ಲೋರಿಕ್ ಆಸಿಡ್. ಅದರ ಕ್ಲೋರೈಡ್ ತುಕ್ಕು ಕೊರೆದ ಗುಳಿಗಳಲ್ಲಿ, ಬೆಸುಗೆಯ ಸಂದಿಗಳಲ್ಲಿ ಸೇರಿಕೊಂಡು ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ಅಲ್ಲೇ ಕೂತು ತೇವ ಎಳೆದುಕೊಂಡು ಮತ್ತೆ ತುಕ್ಕು ಹುಟ್ಟಿಸುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ನಾನೂ ಈ ಬುದ್ಧಿವಂತಿಕೆ ಮಾಡಿದ್ದೆ. ಒಂದು ತಾಸು ಬಿಟ್ಟು ಬಂದು ನೋಡಿದರೆ ಟ್ಯಾಂಕಿನ ಕೆಳಗಿನ ಅಂಚಿನಿಂದ ಆಸಿಡ್ ಹನಿ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು, ನೆಲ ನೊರೆಯುತ್ತಿತ್ತು. ತುಕ್ಕೇ ಮುಚ್ಚಿಕೊಂಡಿದ್ದ ತೂತುಗಳು, ಎಳ್ಳಿನಷ್ಟು ದಪ್ಪದವು, ಐದು. ಗಿರಾಕಿಗೆ ಏನು ಹೇಳಿದೆ ಎನ್ನುವುದು ಇಲ್ಲಿ ಬೇಡ.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ತನ್ನಿ. ಅದು ನಿಧಾನ. ತುಕ್ಕನ್ನು ಕರಗಿಸುತ್ತದೆ, ಒಳ್ಳೆಯ ಉಕ್ಕಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಆದರೆ ಅದಕ್ಕೂ ಮೊದಲು ಪಾತ್ರೆ ತೊಳೆಯುವ ಸೋಪು, ಬಿಸಿನೀರು ಹಾಕಿ ಎರಡು ಮೂರು ಸಲ ಕುಲುಕಿ ತೊಳೆಯಿರಿ. ಹಳೇ ಪೆಟ್ರೋಲ್ ಒಣಗಿ ವಾರ್ನಿಷ್ ಹಾಗೆ ಅಂಟಿಕೊಂಡಿದ್ದರೆ ಅದರಡಿಯ ತುಕ್ಕಿಗೆ ಆಸಿಡ್ ಮುಟ್ಟುವುದೇ ಇಲ್ಲ. 'ಸಿಟ್ರಿಕ್ ಕೆಲಸ ಮಾಡಲಿಲ್ಲ' ಎಂದು ಬರೆಯುವವರಲ್ಲಿ ಬಹಳ ಮಂದಿ ಈ ಸೋಪಿನ ಕೆಲಸ ಬಿಟ್ಟವರು.

ಲೀಟರ್ ಬಿಸಿನೀರಿಗೆ ಸಿಟ್ರಿಕ್ ಆಸಿಡ್ 50ರಿಂದ 100 ಗ್ರಾಂ. ಕಾಕ್ ತೂತನ್ನು ರಬ್ಬರ್ ಶೀಟು, ತಗಡಿನ ಪಟ್ಟಿ ಇಟ್ಟು ಬೋಲ್ಟ್ ಮಾಡಿ ಮುಚ್ಚಿ. ಹೊರಗಿನ ಪೇಂಟಿಗೆ ಪ್ಲಾಸ್ಟಿಕ್ ಸುತ್ತಿ. ನೀರು ಕಂಠದವರೆಗೂ ಇರಲಿ. ಅರ್ಧ ತುಂಬಿಸಿ ಆಗಾಗ ಅಲ್ಲಾಡಿಸುತ್ತೇನೆ ಎನ್ನುವವರಿಗೆ ಒಂದು ಮಾತು: ಹೆಚ್ಚು ತುಕ್ಕು ಇರುವುದು ಹಲವು ಸಲ ಟ್ಯಾಂಕಿನ ಚಾವಣಿಯಲ್ಲಿ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ರಾತ್ರಿ ತಣ್ಣಗಾಗಿ ಹನಿಗಟ್ಟುವುದು ಅಲ್ಲೇ. ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಅದು ಕಣ್ಣಿಗೆ ಬೀಳುವುದಿಲ್ಲ, ಒಂದು ಸಣ್ಣ ಕನ್ನಡಿ ಇಳಿಸಿ ನೋಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಗ್ಯಾಸು ಹೊರಗೆ ಹೋಗಬೇಕು. ಆ ಗ್ಯಾಸು ಹೈಡ್ರೋಜನ್, ಹತ್ತಿರ ಬೀಡಿ ಸಿಗರೇಟು ಬೇಡ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಸಾಲದಿದ್ದರೆ ಹಳೆಯದನ್ನು ಚೆಲ್ಲಿ ಹೊಸ ನೀರು ಮಾಡಿ. ಅದೇ ನೀರಿನಲ್ಲಿ ಮೂರು ದಿನ ನೆನೆಸಬೇಡಿ, ಒಳಗೆ ಕಪ್ಪು ಮಸಿ ಕೂರುತ್ತದೆ.

ಇಷ್ಟನ್ನು ಯಾರಾದರೂ ಮಾಡುತ್ತಾರೆ. ನಿಮ್ಮ ಟ್ಯಾಂಕು ಕೆಟ್ಟಿದ್ದು ಇದರ ನಂತರದ ಅರ್ಧ ಗಂಟೆಯಲ್ಲಿ. ಆಸಿಡ್ ಚೆಲ್ಲುವ ಮೊದಲೇ ಮುಂದಿನದೆಲ್ಲ ಕೈಗೆಟುಕುವಂತೆ ಜೋಡಿಸಿಟ್ಟಿರಬೇಕು. ಚೆಲ್ಲಿದ ಕೂಡಲೇ ನೀರು, ಅದರ ಬೆನ್ನಿಗೇ ಅಡುಗೆ ಸೋಡಾ ಕಲಸಿದ ನೀರು. ಸೋಡಾ ಉಳಿದ ಆಸಿಡ್ಡನ್ನು ಕೊಲ್ಲುತ್ತದೆ, ತುಕ್ಕನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ಅದನ್ನು ಬಸಿದು, ಅರ್ಧ ಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಎಲ್ಲ ಮೂಲೆಗೂ ಹೊರಳಿಸಿ. ಮೂಲೆಯ ನೀರನ್ನು ಅದು ತನ್ನೊಳಗೆ ಸೇರಿಸಿಕೊಂಡು ಹೊರಬರುತ್ತದೆ. ಚೆಲ್ಲಿ, ತಣ್ಣನೆ ಗಾಳಿ ಊದಿ. ಹೇರ್ ಡ್ರೈಯರ್ ಬೇಡ. ಆಲ್ಕೊಹಾಲ್ ಆವಿಯ ಪಕ್ಕದಲ್ಲಿ ಕೆಂಪಗೆ ಕಾದ ತಂತಿ ಇಡುವ ಧೈರ್ಯ ನನಗಿಲ್ಲ, ನಿಮಗೂ ಬೇಡ. ಒಣಗಿದ ತಕ್ಷಣ ಸ್ವಲ್ಪ ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಕಲಸಿ, ಟ್ಯಾಂಕನ್ನು ಮಗು ಆಡಿಸಿದ ಹಾಗೆ ಎಲ್ಲ ಮಗ್ಗುಲಿಗೂ ತಿರುಗಿಸಿ ಬಳಿಯಿರಿ. ನಂತರ ಬಸಿದು, ಜೋಡಿಸಿ, ಕಂಠಪೂರ್ತಿ ಪೆಟ್ರೋಲ್ ತುಂಬಿಸಿ. 'ನಾಳೆ ತುಂಬಿಸಿದರಾಯಿತು' ಎಂದಿರೋ, ನನಗೆ ಮತ್ತೆ ಪತ್ರ ಬರೆಯುತ್ತೀರಿ.

ಇನ್ನೊಂದು. ನೀರು ಒಳಗೆ ಬಂದದ್ದು ಎಲ್ಲಿಂದ ಎಂದು ನೀವು ಕೇಳಲೇ ಇಲ್ಲ. ಹಲವು ಬೈಕುಗಳಲ್ಲಿ ಮುಚ್ಚಳದ ಸುತ್ತಲಿನ ಬಟ್ಟಲಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ತೂತು ಇರುತ್ತದೆ. ಮಳೆನೀರು ಅದರಲ್ಲಿ ಇಳಿದು, ಟ್ಯಾಂಕಿನ ನಡುವೆ ಹಾಯುವ ಸಣ್ಣ ಕೊಳವೆಯಿಂದ ನೆಲಕ್ಕೆ ಹೋಗಬೇಕು. ಮಣ್ಣು ಕಟ್ಟಿದರೆ ನೀರು ಬಟ್ಟಲಲ್ಲೇ ನಿಂತು, ಮುಚ್ಚಳದ ಸವೆದ ರಬ್ಬರ್ ದಾಟಿ ಪೆಟ್ರೋಲಿಗೆ ಸೇರುತ್ತದೆ. ಒಂದು ತೆಳು ತಂತಿ ಆಡಿಸಿ ಒಂದು ಚಮಚ ನೀರು ಬಿಟ್ಟು ನೋಡಿ. ಕೆಳಗೆ ಬರದಿದ್ದರೆ ನಿಮ್ಮ ಕಳ್ಳ ಸಿಕ್ಕ.

ಪ್ರಶ್ನೆ: ಕೋಲಾ ಹಾಕಿದರೆ ಹೋಗುತ್ತದಂತೆ?

ಉತ್ತರ: ಅದರಲ್ಲಿ ಫಾಸ್ಫಾರಿಕ್ ಆಸಿಡ್ ಇರುವುದು ನಿಜ, ಚಿಟಿಕೆಯಷ್ಟು. ಮಿಕ್ಕಿದ್ದು ಸಕ್ಕರೆ ನೀರು. ಕಾರ್ಬ್ಯುರೇಟರಿನ ಸಣ್ಣ ತೂತಿನ ಜೆಟ್ಟಿಗೆ ಪಾಕ ಕುಡಿಸುವ ಆಸೆಯಿದ್ದರೆ ಹಾಕಿ.

ಪ್ರಶ್ನೆ: ನಟ್ಟು ಬೋಲ್ಟು ಹಾಕಿ ಕುಲುಕಬಹುದೇ?

ಉತ್ತರ: ಹಪ್ಪಳದ ಹಾಗೆ ಎದ್ದ ತುಕ್ಕಿಗೆ ಆಗಬಹುದು, ಆಸಿಡ್ಡಿಗೆ ಮೊದಲು. ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಜಲ್ಲಿಕಲ್ಲು ಮಾತ್ರ ಬೇಡ.

ಪ್ರಶ್ನೆ: ಪೆಟ್ರೋಲಿಗೆ ಬೆರೆಸುವ 'ತುಕ್ಕು ನಿವಾರಕ' ಬಾಟಲಿ?

ಉತ್ತರ: ನೀರು ತೆಗೆಯುವ ಬಾಟಲಿ ಇದೆ. ಹಪ್ಪಳಗಟ್ಟಿದ ತುಕ್ಕು ಕರಗಿಸುವುದು ನಾನು ಕಂಡಿಲ್ಲ, ಮಾರುವವರು ಮಾತ್ರ ಕಂಡಿದ್ದಾರೆ.

ಪ್ರಶ್ನೆ: ಒಳಗೆ ಎಪಾಕ್ಸಿ ಕೋಟಿಂಗ್ ಮಾಡಿಸಿದರೆ ಜೀವಮಾನಕ್ಕೆ ಚಿಂತೆಯಿಲ್ಲ ಎನ್ನುತ್ತಾರೆ.

ಉತ್ತರ: ಎನ್ನುವವರು ಸುಲಿದು ಬಂದ ಕೋಟಿಂಗ್ ಹೊರಗೆ ತೆಗೆದವರಲ್ಲ. ತುಕ್ಕಿನ ಮೇಲೋ ಎಣ್ಣೆಯ ಪಸೆಯ ಮೇಲೋ ಬಳಿದರೆ ಹಾವಿನ ಪೊರೆಯಂತೆ ಬಿಟ್ಟುಕೊಂಡು ಕಾಕ್ ಬಾಯಿಗೆ ಕೂರುತ್ತದೆ. ಪೆಟ್ರೋಲಿಗೆ ಬೆರೆಸಿರುವ ಎಥನಾಲ್ ತಡೆಯದ ಮಾಲಾದರೆ ಇನ್ನೂ ಬೇಗ. ಸೂಜಿತೂತುಗಳಿದ್ದು ಹೊಸ ಟ್ಯಾಂಕು ಸಿಗದಿದ್ದರೆ ಮಾತ್ರ ಮಾಡಿಸಿ. ಹಾಗಿದ್ದರೆ ಮೇಲೆ ಹೇಳಿದ ಎಣ್ಣೆ ಬಳಿಯುವ ಕೆಲಸ ಬಿಡಿ.

ಪ್ರಶ್ನೆ: ತೂತಾಗಿದೆ. ಖಾಲಿ ಮಾಡಿಕೊಟ್ಟರೆ ವೆಲ್ಡಿಂಗ್ ಮಾಡುತ್ತಾರಂತೆ.

ಉತ್ತರ: ಓಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಇದ್ದರೆ ಕಿಡಿಗೆ ಸಿಡಿಯುತ್ತದೆ, ಖಾಲಿ ಟ್ಯಾಂಕಿನ ತಳದಲ್ಲಿ ಉಳಿದ ಒಂದೆರಡು ಚಮಚ ಅದಕ್ಕೆ ಧಾರಾಳ. 'ಒಂದು ದಿನ ಬಿಸಿಲಲ್ಲಿಟ್ಟಿದ್ದೆ' ಎನ್ನುವ ವೆಲ್ಡರ್ ಹತ್ತಿರ ನಿಲ್ಲಲೂ ಬೇಡಿ.

ಪ್ರಶ್ನೆ: ನನ್ನ ಟ್ಯಾಂಕು ಅಲ್ಯೂಮಿನಿಯಂ. ವಾಷಿಂಗ್ ಸೋಡಾ ಹಾಕಿ ತುಕ್ಕು ತೆಗೆಯಲೇ?

ಉತ್ತರ: ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ವಾಷಿಂಗ್ ಸೋಡಾ ಅದನ್ನು ತಿನ್ನುತ್ತದೆ. ಮೊದಲು ಒಂದು ಅಯಸ್ಕಾಂತ ತಾಗಿಸಿ ನೋಡಿ, ಅಂಟಿಕೊಂಡರೆ ನಿಮ್ಮದು ಉಕ್ಕಿನ ಟ್ಯಾಂಕು.